ಬೀಜ ಫಾರಂನಲ್ಲಿದೆ, ತಿಂಗಳು ಹೇಳೋರು ಯಾರು?

ಜೂನ್ ತಿಂಗಳಲ್ಲಿ ಬಿತ್ತಬೇಕಾದ ರಾಗಿಯನ್ನು ಆಗಸ್ಟ್ ಮಧ್ಯದಲ್ಲಿ ಬಿತ್ತಿದರೆ ಏನಾಗುತ್ತೆ? ಪೈರು ಏಳುತ್ತೆ. ಹುಲ್ಲು ಬರುತ್ತೆ. ತೆನೆಯೂ ಇಣುಕುತ್ತೆ. ಕಾಳು ಮಾತ್ರ ಜೊಳ್ಳು. ಬಿತ್ತಿದವನು ಮಳೆಯನ್ನು ಬಯ್ಯುತ್ತಾನೆ. ಮನೆಯವರು ಹಣೆಬರಹ ಅಂತಾರೆ. ಊರವರು ಬೀಜ ಮಾರಿದ ಅಂಗಡಿಯವನನ್ನು ಓರೆಗಣ್ಣಲ್ಲಿ ನೋಡುತ್ತಾರೆ. ನಿಜವಾಗಿ ತಪ್ಪು ಮಳೆಯದ್ದೂ ಅಲ್ಲ, ಬೀಜದ್ದೂ ಅಲ್ಲ. ಆ ಬೀಜವನ್ನು ಆ ತಿಂಗಳಲ್ಲಿ ಬಿತ್ತಬೇಡಪ್ಪ ಎಂದು ಹೇಳುವವರೊಬ್ಬರು ಸಮಯಕ್ಕೆ ಸಿಗಲಿಲ್ಲ. ಅಷ್ಟೇ.

ವಿಚಿತ್ರ ನೋಡಿ. ಇದನ್ನು ಬಲ್ಲವರು ಎಲ್ಲೋ ದಿಲ್ಲಿಯಲ್ಲಿ ಕುಳಿತಿಲ್ಲ. ಮಂಡ್ಯದ ಮಗ್ಗುಲಲ್ಲೇ ವಿ.ಸಿ. ಫಾರಂ ಇದೆ. ರಾಗಿಯ ವಿಷಯದಲ್ಲಿ ಇಡೀ ದೇಶವೇ ಕೈಮುಗಿಯುವಂಥ ಕೆಲಸ ನಡೆದ ಜಾಗ ಅದು. ದೇಶದಲ್ಲಿ ಬೆಳೆಯುವ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ರಾಜ್ಯದ್ದು. ಹೀಗಿದ್ದೂ ಫಾರಂನಲ್ಲಿ ಕಂಡುಹಿಡಿದದ್ದು ನಾಗಮಂಗಲದ ಕೆಂಪು ಹೊಲಕ್ಕೆ ಸರಿಯಾದ ತಿಂಗಳಲ್ಲಿ ತಲುಪೋಲ್ಲ ಅಂದರೆ, ದೀಪದ ಬುಡದಲ್ಲೇ ಕತ್ತಲೆ ಅನ್ನದೆ ಇನ್ನೇನು ಅನ್ನೋಣ?

ರಾಗಿ ಲಕ್ಷ್ಮಣಯ್ಯನವರ ಕತೆ

ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಸೀಮೆಯಲ್ಲಿ ರಾಗಿಯ ಸಂಶೋಧನೆ ನೂರು ವರ್ಷಕ್ಕೂ ಹಳೆಯದು. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು 1920ರಲ್ಲೇ ಮೈಸೂರು ಸೀಮೆಯ ರಾಗಿ ಬೇಸಾಯದ ಮೇಲೆ ಒಂದು ಪುಸ್ತಿಕೆ ಬರೆದರು. ಆಮೇಲೆ ಬಂದವರು ಡಾ. ಸಿ.ಎಚ್. ಲಕ್ಷ್ಮಣಯ್ಯ. ಜನ ಅವರನ್ನು ಕರೆದದ್ದು ‘ರಾಗಿ ಲಕ್ಷ್ಮಣಯ್ಯ’ ಎಂದೇ.

ರಾಗಿಯಲ್ಲಿ ಸಂಕರ ಮಾಡುವುದು ಹುಡುಗಾಟವಲ್ಲ. ಅದರ ಹೂ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ತನ್ನ ಹೂವಿನ ಪರಾಗದಿಂದ ತಾನೇ ಕಾಳು ಕಟ್ಟುವ ಜಾತಿ. ಅದಕ್ಕೆ ಬೇರೆ ತಳಿಯ ಪರಾಗ ಕೂಡಿಸಬೇಕಾದರೆ ತಪಸ್ಸಿನಂಥ ತಾಳ್ಮೆ ಬೇಕು. ಲಕ್ಷ್ಮಣಯ್ಯನವರು ಐವತ್ತರ ಮತ್ತು ಅರವತ್ತರ ದಶಕದಲ್ಲಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟರು. ಅಷ್ಟಕ್ಕೆ ಸುಮ್ಮನಾಗಲಿಲ್ಲ. ರಾಗಿಯ ತವರುಮನೆ ಆಫ್ರಿಕಾ. ಅಲ್ಲಿನ ರಾಗಿಗೆ ದಪ್ಪ ಕಡ್ಡಿ, ತುಂಬಿದ ತೆನೆ. ಇಲ್ಲಿನ ರಾಗಿ ನಮ್ಮ ಹೊಲಕ್ಕೆ, ನಮ್ಮ ಮಳೆಗೆ ಒಗ್ಗಿದ್ದು. ಎರಡಕ್ಕೂ ನಂಟು ಬೆಳೆಸಿ ಹುಟ್ಟಿದ್ದೇ ‘ಇಂಡಾಫ್’ ತಳಿಗಳು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ಇಂಡಾಫ್-5, ಇಂಡಾಫ್-8, ಇಂಡಾಫ್-9 ಎಂಬ ಹೆಸರುಗಳು ಹಳೆಯ ತಲೆಗಳಿಗೆ ಇವತ್ತಿಗೂ ಬಾಯಿಪಾಠ. ಹಸಿರು ಕ್ರಾಂತಿ ಅಂದರೆ ಗೋಧಿ, ಭತ್ತ ಎಂದು ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ ಮುದ್ದೆ ತಿನ್ನೋರಿಗೂ ಒಂದು ಕ್ರಾಂತಿ ಆಯ್ತು ಅಂದರೆ ಅದು ಇದೇ. ಲಕ್ಷ್ಮಣಯ್ಯನವರು 1993ರಲ್ಲಿ ತೀರಿಕೊಂಡರು.

ಅವರ ನಂತರವೂ ಕೆಲಸ ನಿಂತಿಲ್ಲ. ರಾಗಿಯನ್ನು ಸುಡುವ ಬೆಂಕಿ ರೋಗ, ಅದರಲ್ಲೂ ತೆನೆಯ ಕುತ್ತಿಗೆ ಕಪ್ಪಾಗಿ ಕಾಳು ಜೊಳ್ಳಾಗುವ ಕುತ್ತಿಗೆ ಬೆಂಕಿ, ರೈತನ ಹಳೆಯ ಶತ್ರು. ಅದನ್ನು ತಡೆದುಕೊಳ್ಳುವ ಜಿ.ಪಿ.ಯು-28 ತೊಂಬತ್ತರ ದಶಕದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಿಂದ ಬಂತು. ಅದರ ವಂಶವೃಕ್ಷ ನೋಡಿದರೆ ಅಲ್ಲೂ ಇಂಡಾಫ್-5, ಇಂಡಾಫ್-9 ಇವೆ. ಆಮೇಲೆ ಎಂ.ಆರ್-6, ಎಂ.ಎಲ್-365, ಮಂಡ್ಯದ ಹೆಸರನ್ನೇ ಹೊತ್ತ ಕೆ.ಎಂ.ಆರ್. ತಳಿಗಳು. ಬೀಜಕ್ಕೆ ಬರವಿಲ್ಲ ಸ್ವಾಮಿ.

ಮಳೆಗೊಂದು ತಳಿ

ಹಾಗಾದರೆ ತೊಂದರೆ ಎಲ್ಲಿ? ತಳಿ ಹತ್ತು ಇದ್ದರೆ ಹತ್ತಕ್ಕೂ ಒಂದೊಂದು ಕಾಲ ಇದೆ. ಎಂ.ಆರ್-6, ಕೆ.ಎಂ.ಆರ್-301 ಇವು ನಿಧಾನಸ್ಥರು. ಸುಮಾರು 120ರಿಂದ 125 ದಿನ ಬೇಕು. ಆರಿದ್ರಾ, ಪುನರ್ವಸು ಮಳೆಗೆ, ಅಂದರೆ ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ ಬಿತ್ತಿದರೆ ಚೆನ್ನ. ಜಿ.ಪಿ.ಯು-28ಕ್ಕೆ 110ರಿಂದ 115 ದಿನ. ಪುಷ್ಯ, ಆಶ್ಲೇಷಕ್ಕೂ ನಡೆಯುತ್ತೆ. ಕೆ.ಎಂ.ಆರ್-204, ಜಿ.ಪಿ.ಯು-48 ಬೇಗ ಬರುವ ಜಾತಿ, ನೂರು-ನೂರೈದು ದಿನ. ತಡವಾದ ಆಗಸ್ಟ್ ಬಿತ್ತನೆಗೆ ಇವೇ ಗತಿ.

ಲೆಕ್ಕ ಸುಲಭ. ನೂರಿಪ್ಪತ್ತು ದಿನದ ರಾಗಿಯನ್ನು ಆಗಸ್ಟ್ 15ಕ್ಕೆ ಬಿತ್ತಿದರೆ ತೆನೆ ಬರುವ ಹೊತ್ತಿಗೆ ನವೆಂಬರ್. ಅಷ್ಟು ಹೊತ್ತಿಗೆ ಚಿತ್ತೆ, ಸ್ವಾತಿ ಎಲ್ಲಾ ಮುಗಿದಿರುತ್ತೆ. ಕಾಳು ಹಾಲು ತುಂಬಿಕೊಳ್ಳುವ ಸಮಯದಲ್ಲಿ ನೆಲದಲ್ಲಿ ಪಸೆ ಇರೋಲ್ಲ. ಅದೇ ನೂರು ದಿನದ ರಾಗಿಯಾಗಿದ್ದರೆ ಅಕ್ಟೋಬರ್‌ನಲ್ಲೇ ತೆನೆ ಹೊರಬಂದು ಹಿಂಗಾರಿನ ಹನಿ ಸಿಕ್ಕಿರುತ್ತಿತ್ತು.

ನಮ್ಮ ಅಜ್ಜಂದಿರಿಗೆ ಈ ಲೆಕ್ಕ ನಕ್ಷತ್ರದಲ್ಲಿ ಗೊತ್ತಿತ್ತು. ಯಾವ ಮಳೆಗೆ ಯಾವ ರಾಗಿ ಅನ್ನೋದು ಮನೆಮಾತಾಗಿತ್ತು. ಈಗ ತಳಿಗೆ ಹೆಸರಿಲ್ಲ, ನಂಬರು. ನಂಬರಿಗೂ ಮಳೆಗೂ ಗಂಟು ಹಾಕಿ ಹೇಳುವವರು ಬೇಕು. ವಿಜ್ಞಾನಿಗಳು ಆ ಗಂಟು ಹಾಕಿಯೇ ಕೈಪಿಡಿ ಅಚ್ಚು ಮಾಡಿದ್ದಾರೆ. ಕೈಪಿಡಿ ಕಪಾಟಿನಲ್ಲಿದೆ. ಮಳೆ ಹೊಲದಲ್ಲಿದೆ.

ಇದು ರೈತರ ವಿಷಯ, ನಮಗೇನು ಅಂತ ಪೇಟೆಬೀದಿಯ ಶೆಟ್ರು ಕೇಳಬಹುದು. ಕೇಳಲಿ. ಕೇಂದ್ರ ಸರ್ಕಾರ 2025-26ಕ್ಕೆ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4886 ರೂಪಾಯಿ. ತಿಂಗಳು ತಪ್ಪಿ ಬಿತ್ತಿದ್ದಕ್ಕೆ ಎಕರೆಗೆ ಎರಡೇ ಕ್ವಿಂಟಾಲ್ ಕಡಿಮೆ ಬಂತು ಅಂತಿಟ್ಟುಕೊಳ್ಳಿ. 9772 ರೂಪಾಯಿ ಹೋಯ್ತು. ಆ ದುಡ್ಡು ಸಂಕ್ರಾಂತಿಗೆ ಬಟ್ಟೆ ಅಂಗಡಿಗೆ, ದಿನಸಿ ಅಂಗಡಿಗೆ, ಮಕ್ಕಳ ಬಸ್ ಪಾಸಿಗೆ ಬರಬೇಕಾಗಿದ್ದ ದುಡ್ಡು. ರೈತನ ಕಣ ಖಾಲಿಯಾದರೆ ನಿಮ್ಮ ಗಲ್ಲಾಪೆಟ್ಟಿಗೆಯೂ ಖಾಲಿ.

ಮಣ್ಣಿಗೂ ಹೊಟ್ಟೆ ಇದೆ

ಬೀಜ, ತಿಂಗಳು ಎರಡೂ ಸರಿಯಾದರೆ ಮುಗಿಯಿತೇ? ಇಲ್ಲ. ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿ 1978ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಮಳೆಯಾಶ್ರಯದ ಹೊಲ, ವರ್ಷ ವರ್ಷವೂ ಅದೇ ತಾಕು, ಅದೇ ಲೆಕ್ಕ. ಒಂದು ತಾಕಿಗೆ ಏನೂ ಹಾಕೋದಿಲ್ಲ. ಇನ್ನೊಂದಕ್ಕೆ ಬರೀ ರಾಸಾಯನಿಕ ಗೊಬ್ಬರ. ಮತ್ತೊಂದಕ್ಕೆ ಕೊಟ್ಟಿಗೆ ಗೊಬ್ಬರವೂ ಉಂಟು, ರಾಸಾಯನಿಕವೂ ಉಂಟು. ಏನಾಯ್ತು? ಏನೂ ಹಾಕದ ತಾಕು ಸೊರಗಿತು, ಅದರಲ್ಲಿ ಆಶ್ಚರ್ಯವಿಲ್ಲ. ಬರೀ ಚೀಲದ ಗೊಬ್ಬರ ಕಂಡ ತಾಕು ಮೊದಮೊದಲು ಚೆನ್ನಾಗಿಯೇ ಕೊಟ್ಟಿತು, ವರ್ಷ ಕಳೆದಂತೆ ಇಳುವರಿ ಇಳಿಯುತ್ತಾ ಬಂತು. ಎರಡೂ ಬಿದ್ದ ತಾಕು ಮಾತ್ರ ಗಟ್ಟಿಯಾಗಿ ನಿಂತಿತು. ರಾಗಿಯ ಮೇಲೆ ರಾಗಿ ಹಾಕುವ ಬದಲು ಒಂದು ವರ್ಷ ಕಡಲೆಕಾಯಿ, ಒಂದು ವರ್ಷ ರಾಗಿ ಹಾಕಿದ ಕಡೆ ಇನ್ನೂ ಉತ್ತಮ.

ಕೊಟ್ಟಿಗೆ ಗೊಬ್ಬರ ಒಂದೇ ಸಾಕು ಎಂದು ವಾದ ಮಾಡೋರು ಒಂದು ಕಡೆ. ಯೂರಿಯಾ ಇದ್ದರೆ ಎಲ್ಲಾ ಆಯ್ತು ಅನ್ನೋರು ಇನ್ನೊಂದು ಕಡೆ. ಸಭೆ ಸಮಾರಂಭದಲ್ಲಿ ಇವರಿಬ್ಬರೂ ಕೂಗಾಡುತ್ತಿರುತ್ತಾರೆ. ಆ ತಾಕುಗಳು ಕೂಗಾಡದೆ ದಶಕಗಟ್ಟಲೆ ಉತ್ತರ ಹೇಳುತ್ತಾ ಬಂದಿವೆ. ಕೇಳಿಸಿಕೊಂಡವರು ಎಷ್ಟು ಜನ?

ಗೊಬ್ಬರ ಎಲ್ಲಿಂದ ತರೋಣ, ದನವೇ ಇಲ್ಲ ಅನ್ನುವ ಮಾತಿನಲ್ಲಿ ಸತ್ಯ ಇದೆ. ಟ್ರ್ಯಾಕ್ಟರ್ ಬಂತು, ಎತ್ತು ಹೋಯ್ತು, ತಿಪ್ಪೆ ಬರಿದಾಯ್ತು. ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಹಾಕಿ ಎಂದು ಶಿಫಾರಸು ಬರೆಯುವುದು ಸುಲಭ, ಹೊಂದಿಸುವುದು ಕಷ್ಟ. ಆದರೆ ದಾರಿಯೇ ಇಲ್ಲ ಅನ್ನುವ ಹಾಗಿಲ್ಲ. ಮುಂಗಾರಿನ ಮೊದಲ ಹದಕ್ಕೆ ಅಪ್ಸೆಣಬೋ ಹುರುಳಿಯೋ ಚೆಲ್ಲಿ, ಹೂ ಕಾಣುವ ಹೊತ್ತಿಗೆ ಮಣ್ಣಿಗೆ ಸೇರಿಸಿ ಉತ್ತರೆ ಅದೂ ಗೊಬ್ಬರವೇ. ಬದುವಿನ ಹೊಂಗೆ ಸೊಪ್ಪೂ ಗೊಬ್ಬರವೇ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಇಡಿ ಎಂದು ವಿಶ್ವವಿದ್ಯಾನಿಲಯ ಹೇಳುತ್ತೆ. ಹಳಬರು ಅಕ್ಕಡಿ ಸಾಲು ಅನ್ನುತ್ತಿದ್ದರಲ್ಲ, ಅದೇ ಮಾತು, ಅಳತೆ ಹಾಕಿ ಹೇಳಿದ್ದಾರೆ. ತೊಗರಿಯ ಬೇರು ಮಣ್ಣಿಗೆ ಸಾರಜನಕ ಕೊಡುತ್ತೆ, ಕಾಳು ಸಾರಿಗೆ ಬೇಳೆ ಕೊಡುತ್ತೆ.

ಅಂಗಡಿಯೇ ಕೃಷಿ ಕಚೇರಿ

ಈಗ ಮುಖ್ಯ ಮಾತಿಗೆ ಬರೋಣ. ರೈತ ಮೊದಲು ಕೇಳುವುದು ಯಾರನ್ನು? ವಿಜ್ಞಾನಿಯನ್ನಲ್ಲ, ಅಧಿಕಾರಿಯನ್ನೂ ಅಲ್ಲ. ಬಸ್ಸಿಳಿದು ನೇರ ಗೊಬ್ಬರದ ಅಂಗಡಿಗೆ ಹೋಗಿ, “ಯಾವ ರಾಗಿ ಐತೆ ಕೊಡಣ್ಣ” ಅಂತಾನೆ. ಅಣ್ಣ ಏನು ಕೊಡುತ್ತಾನೋ ಅದೇ ಬಿತ್ತನೆ. ಹಾಗಾಗಿ ಅಂಗಡಿಯವರಿಗೆ ತಿಳಿದರೆ ಅರ್ಧ ಜಿಲ್ಲೆಗೆ ತಿಳಿದ ಹಾಗೆ. ಇದನ್ನು ಮನಗಂಡೇ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಗೊಬ್ಬರ, ಬೀಜದ ವ್ಯಾಪಾರಿಗಳಿಗೆಂದೇ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ಅದನ್ನು ಓದಿದವರು ಸರ್ಟಿಫಿಕೇಟನ್ನು ಗೋಡೆಗೆ ಹಾಕಿದರೆ ಸಾಲದು, ಕಲಿತದ್ದನ್ನು ಗಿರಾಕಿಗೂ ಹೇಳಬೇಕು.

ಅಂಗಡಿಯವರಲ್ಲಿ ಮೂರೇ ಬಿನ್ನಹ. ಒಂದು, ಬೀಜ ಕೊಡುವ ಮುಂಚೆ “ಯಾವತ್ತು ಬಿತ್ತುತ್ತೀ?” ಅಂತ ಕೇಳಿ. ದಾಸ್ತಾನು ಇರುವುದನ್ನು ಖಾಲಿ ಮಾಡುವ ಆತುರದಲ್ಲಿ ಆಗಸ್ಟ್‌ನವನಿಗೆ ಜೂನ್ ಬೀಜ ಕಟ್ಟಬೇಡಿ. ಎರಡು, ಬಿಲ್ಲಿನಲ್ಲಿ ಬರೀ ‘ರಾಗಿ’ ಎಂದು ಗೀಚದೆ ತಳಿಯ ಹೆಸರು, ಲಾಟ್ ನಂಬರ್ ಬರೆಯಿರಿ. ದೃಢೀಕೃತ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತೆ, ಅದನ್ನು ಜೋಪಾನವಾಗಿಡು ಎಂದು ಹೇಳಿ. ಮೂರು, ರಾಗಿ ಹೈಬ್ರಿಡ್ ಅಲ್ಲ, ಒಮ್ಮೆ ಒಳ್ಳೆ ಬೀಜ ಕೊಂಡರೆ ಮೂರು ವರ್ಷ ಮನೆಯ ಬೀಜವನ್ನೇ ಆರಿಸಿ ಬಿತ್ತಬಹುದು ಎಂಬ ಸತ್ಯವನ್ನೂ ಹೇಳಿ. ಒಂದು ಚೀಲದ ವ್ಯಾಪಾರ ಹೋದೀತು, ಗಿರಾಕಿಯ ನಂಬಿಕೆ ಉಳಿದೀತು.

ಒಂದು ಹಲಗೆ, ಒಂದು ಸೀಮೆಸುಣ್ಣ

ಇನ್ನು ಸರ್ಕಾರದವರಿಗೆ. ಮಂಡ್ಯಕ್ಕೆ ಪ್ರತ್ಯೇಕ ಕೃಷಿ ವಿಶ್ವವಿದ್ಯಾನಿಲಯ ಎಂಬ ಮಾತು ಸರ್ಕಾರದಿಂದ 2024ರಲ್ಲಿ ಬಂತು. ಸಂತೋಷ. ಕುಲಪತಿಗಳು ಬರಲಿ, ಕಟ್ಟಡ ಏಳಲಿ, ಕಮಾನು ನಿಲ್ಲಲಿ. ಆದರೆ ಕಮಾನಿಗಿಂತ ಮುಂಚೆ ಒಂದು ಕಪ್ಪು ಹಲಗೆ ನಿಲ್ಲಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ಪ್ರತಿ ಸೋಮವಾರ, ಪ್ರತಿ ಹೋಬಳಿಯ ರೈತ ಸಂಪರ್ಕ ಕೇಂದ್ರದ ಮುಂದೆ, ಪ್ರತಿ ತಾಲ್ಲೂಕಿನ ಬಸ್ ನಿಲ್ದಾಣದಲ್ಲಿ, ಸೀಮೆಸುಣ್ಣದಲ್ಲಿ ಬರೆಯಿರಿ: ಈ ವಾರ ಬಿತ್ತುವುದಾದರೆ ಈ ತಳಿ. ಕೂರಿಗೆಗೆ ಎಕರೆಗೆ ಇಷ್ಟು ಕೆ.ಜಿ., ಒಟ್ಲು ಹಾಕಿ ನಾಟಿ ಮಾಡುವುದಾದರೆ ಇಷ್ಟು. ಮಘೆ ಮಳೆಯೂ ದಾಟಿತೇ? ರಾಗಿ ಬೇಡ, ಹುರುಳಿ ಚೆಲ್ಲಿ. ನಾಲ್ಕು ಸಾಲು ಸಾಕು.

ಇದಕ್ಕೆ ಟೆಂಡರ್ ಬೇಡ. ಉದ್ಘಾಟನೆಗೆ ಮಂತ್ರಿಗಳೂ ಬೇಡ. ಮೊಬೈಲಿನಲ್ಲಿ ಎಲ್ಲಾ ಇದೆ ಎಂದು ಸಾಹೇಬರು ಹೇಳಬಹುದು. ಇರಬಹುದು. ಬಸ್ಸಿಗೆ ಕಾಯುತ್ತಾ ಅರ್ಧ ಗಂಟೆ ನಿಲ್ಲುವ ರೈತನ ಕಣ್ಣೆದುರು ಹಲಗೆ ಇದ್ದರೆ ಅವನು ಓದುತ್ತಾನೆ. ಅವನಿಗೆ ಓದು ಬಾರದಿದ್ದರೆ ಪಕ್ಕದಲ್ಲಿ ನಿಂತ ಕಾಲೇಜು ಹುಡುಗಿ ಓದಿ ಹೇಳುತ್ತಾಳೆ.

2023ನೇ ಇಸವಿಯನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಆಚರಿಸಿತು. ಭಾಷಣ ಆಯ್ತು, ರಾಗಿ ಬಿಸ್ಕತ್ತು ಹಂಚಿದ್ದೂ ಆಯ್ತು. ಆಚರಣೆ ಮುಗಿದ ಮೇಲೂ ಹೊಲ ಇದೆ, ಮಳೆ ಇದೆ, ಬಿತ್ತುವವನ ಅನುಮಾನ ಹಾಗೇ ಇದೆ. ಒಬ್ಬ ಮನುಷ್ಯ ಜೀವಮಾನವೆಲ್ಲಾ ರಾಗಿ ತೆನೆಯ ಮುಂದೆ ಕುಳಿತು ಸಂಪಾದಿಸಿ ಕೊಟ್ಟದ್ದನ್ನು ನಾವು ತಿಂಗಳು ತಪ್ಪಿಸಿ ಹಾಳು ಮಾಡುವುದು ನ್ಯಾಯವೇ?

ಮುಂದಿನ ಮೃಗಶಿರಕ್ಕೆ ಮುಂಚೆ ಒಂದು ಹಲಗೆಯಾದರೂ ಏಳಲಿ. ಸಂಬಂಧಪಟ್ಟವರು ಗಮನಿಸುವರೇ?