ನಿರಾಶೆ ಗುಹೆಯದಲ್ಲ, ನಮ್ಮದು

ಗುಹೆಗಳನ್ನು ಹೊಕ್ಕು ನೋಡುವುದನ್ನೇ ಹವ್ಯಾಸವಾಗಿಸಿಕೊಂಡವರು ದೇಶವಿದೇಶಗಳಲ್ಲಿ ಹಲವರಿದ್ದಾರೆ. ಹತ್ತಾರು ಅಡಿ ತೆವಳಿದೊಡನೆ ದಾರಿ ಮುಗಿದರೆ, ಸುಣ್ಣಕಲ್ಲಿನ ತೂಗುಕಂಬಗಳು ಕಾಣದಿದ್ದರೆ, ‘ವಿಶೇಷವೇನೂ ಇಲ್ಲ’ ಎಂದು ಬರೆದು ಮುಂದಿನ ಬಿಲವನ್ನು ಅರಸಿ ಹೋಗುವುದು ಅವರಲ್ಲಿ ಅನೇಕರ ರೂಢಿ. ಈ ಮಾತು ಗುಹೆಯನ್ನು ಕುರಿತದ್ದಲ್ಲ, ನೋಡಿದವನ ಅಪೇಕ್ಷೆಯನ್ನು ಕುರಿತದ್ದು. ಗಿರಾಕಿಗೆ ಬೇಡವಾದ ಮಾತ್ರಕ್ಕೆ ಸರಕು ಬೆಲೆಯಿಲ್ಲದ್ದೆಂದು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ.

ಈ ಉಪೇಕ್ಷೆಯ ಅಪಾಯವನ್ನು ಅಮೆರಿಕದ ಅನುಭವ ತೋರಿಸುತ್ತದೆ. ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ 2006ರಲ್ಲಿ ಮೂತಿಯ ಮೇಲೆ ಬಿಳಿಯ ಬೂಷ್ಟು ಬೆಳೆದಿದ್ದ ಬಾವಲಿಗಳು ಮೊದಲು ಕಂಡುಬಂದವು. ಚಳಿಗಾಲದಲ್ಲಿ ಹುಳುಗಳು ಸಿಗದ ಕಾರಣ ಅಲ್ಲಿನ ಬಾವಲಿಗಳು ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ನಂಬಿ ದೀರ್ಘನಿದ್ರೆಯಲ್ಲಿರುತ್ತವೆ. ಈ ಬೂಷ್ಟು ಅವುಗಳನ್ನು ಮತ್ತೆ ಮತ್ತೆ ಎಚ್ಚರಿಸುತ್ತದೆ. ವಸಂತ ಬರುವ ಮೊದಲೇ ಕೊಬ್ಬು ತೀರಿ ಅವು ಹಸಿವಿನಿಂದ ಸಾಯುತ್ತವೆ. ಹೀಗೆ ಸತ್ತವು ಲಕ್ಷಾಂತರ.

ರೋಗವನ್ನು ಹರಡುವುದು ಮುಖ್ಯವಾಗಿ ಬಾವಲಿಗಳೇ, ನಮ್ಮನ್ನೇಕೆ ದೂರುತ್ತೀರಿ ಎಂದು ಹವ್ಯಾಸಿಗಳು ಕೇಳಿದ್ದುಂಟು. ಮೊದಲ ಮಾತು ನಿಜ. ಆದರೆ ಬೂಷ್ಟಿನ ಬೀಜಕಣಗಳು ಮನುಷ್ಯರ ಬೂಟು, ಬಟ್ಟೆ, ಹಗ್ಗಗಳಲ್ಲಿಯೂ ಸಾಗಬಲ್ಲವೆಂಬುದು ಅಷ್ಟೇ ನಿಜ. ರೋಗವಿಲ್ಲದ ಗುಹೆಯಲ್ಲಿಯೂ ಚಳಿಗಾಲದಲ್ಲಿ ದೀಪ ಹಿಡಿದು ನುಗ್ಗಿದವನು ಮಲಗಿದ ಜೀವವನ್ನು ಎಬ್ಬಿಸಿ ಅದರ ಬುತ್ತಿಯನ್ನು ಕಸಿದಂತೆಯೇ. ಕೊಲ್ಲುವ ಸಂಕಲ್ಪ ಇರಲಿಲ್ಲವೆಂಬುದು ಉತ್ತರವಾಗದು. ಪ್ರಮಾದದಿಂದ ಆದ ಹಿಂಸೆಯೂ ಹಿಂಸೆಯೇ.

ಸಣ್ಣ ಗುಹೆಯ ಬೆಲೆ ಎಷ್ಟೆಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಳಿಯ ಗುಹೆ ಪ್ರವಾಸಿಗರನ್ನು ಸೆಳೆಯುವಂಥದ್ದಲ್ಲ. ಆದರೆ ಎಲೆಮೂಗಿನ ಬಾವಲಿಯ ಒಂದು ಪ್ರಭೇದಕ್ಕೆ ಜಗತ್ತಿನಲ್ಲಿ ಉಳಿದಿರುವ, ನಮಗೆ ತಿಳಿದ ನೆಲೆ ಅದೊಂದೇ. ಅವುಗಳ ಸಂಖ್ಯೆ ಸುಮಾರು 200 ಎಂದು ಅಂದಾಜಿಸಲಾಗಿತ್ತು. ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ 2016ರಲ್ಲಿ ಅದು ಸೇರಿತು. ಕಲ್ಲುಗಣಿಗಾರಿಕೆಯೇ ಅದಕ್ಕೆ ದೊಡ್ಡ ಕಂಟಕವಾಗಿತ್ತು. ಬಂಡೆಯಲ್ಲಿ ಕಲ್ಲನ್ನಷ್ಟೇ ಕಂಡವನ ದೃಷ್ಟಿಗೂ, ಗುಹೆಯಲ್ಲಿ ಏನೂ ಕಾಣದವನ ದೃಷ್ಟಿಗೂ ಎಷ್ಟು ಅಂತರವಿದೆ?

ಹೆಸರಾಂತ ಗುಹೆಗಳಿಗೆ ಬೀಗವಿದೆ, ಕಾವಲಿದೆ. ಹೆಸರಿಲ್ಲದವುಗಳಿಗೆ ಇರುವ ಕಾವಲು ಹೊಗುವವನ ಸಂಯಮವೊಂದೇ. ಆದುದರಿಂದ ತರುಣರು ಗುಹೆಗಳಿಗೆ ಹೋಗುವುದಾದರೆ ಬಲ್ಲವರೊಡನೆ ಹೋಗಲಿ. ಬಾವಲಿಗಳು ಮಲಗುವ, ಮರಿಹಾಕುವ ಕಾಲವನ್ನು ಬಿಡಲಿ. ಬೂಟು ಬಟ್ಟೆಗಳನ್ನು ಶುದ್ಧಮಾಡದೆ ಇನ್ನೊಂದು ಗುಹೆಯನ್ನು ಹೊಗದಿರಲಿ. ದಾರಿ ಮುಗಿದಲ್ಲಿ ಗುದ್ದಲಿ ಎತ್ತದಿರಲಿ. ಬೆಟ್ಟದ ಕ್ಷೇತ್ರಗಳನ್ನು ನೋಡಿಕೊಳ್ಳುವ ಟ್ರಸ್ಟುಗಳು ತಮ್ಮ ಎಲ್ಲೆಯೊಳಗಿನ ಚಿಕ್ಕ ಗುಹೆಗಳಲ್ಲಿ ಹೊಗೆ, ಪಟಾಕಿ, ಪ್ರಖರ ದೀಪಗಳನ್ನು ನಿಷೇಧಿಸಲಿ. ಇದಕ್ಕೆ ತಗಲುವ ಖರ್ಚು ಒಂದು ಫಲಕದ್ದು ಮಾತ್ರ.