ಸಹಾರಾದ ಒಡಲ ನೀರು: ಪಾಲು ಯಾರದು, ಕೀಲಿ ಯಾರ ಕೈಯಲ್ಲಿ?

ಆಫ್ರಿಕಾದ ಜಲ ರಾಜಕಾರಣವೆಂದರೆ ನೈಲ್ ನದಿಯ ವಿವಾದವೇ ಮೊದಲು ನೆನಪಿಗೆ ಬರುತ್ತದೆ. ನದಿಗೆ ಅಣೆಕಟ್ಟು ಕಟ್ಟಿದರೆ ಕೆಳಗಿನ ದೇಶ ಕೂಡಲೇ ಆಕ್ಷೇಪಿಸುತ್ತದೆ. ನೆಲದಡಿಯ ನೀರಿನ ವಿಚಾರ ಹಾಗಲ್ಲ. ಯಾರು ಎಷ್ಟು ಎತ್ತಿದರೆಂಬುದು ನೆರೆಯವರಿಗೆ ತಿಳಿಯುವುದೇ ತಡವಾಗಿ. ಲಿಬಿಯಾ, ಈಜಿಪ್ಟ್, ಚಾಡ್ ಮತ್ತು ಸುಡಾನ್ ದೇಶಗಳ ಅಡಿಯಲ್ಲಿ 20 ಲಕ್ಷ ಚದರ ಕಿ.ಮೀ.ಗೂ ಮಿಕ್ಕಿ ಹರಡಿರುವ ನ್ಯೂಬಿಯನ್ ಮರಳುಗಲ್ಲಿನ ಜಲಸ್ತರ ಇದಕ್ಕೆ ನಿದರ್ಶನ.

ಸಹಾರಾದಲ್ಲಿ ಮಳೆ ಸಮೃದ್ಧವಾಗಿದ್ದ ಪ್ರಾಚೀನ ಯುಗಗಳಲ್ಲಿ ಇಂಗಿದ ನೀರಿದು. ಇಂದಿನ ಮರುಪೂರಣ ನಗಣ್ಯ. ಎತ್ತಿದ ನೀರು ಮರಳಿ ತುಂಬದ ಕಾರಣ ಇದು ಒಂದು ಬಗೆಯ ಗಣಿಗಾರಿಕೆಯೇ ಸರಿ.

ತೈಲ ಹುಡುಕಲು ಹೋಗಿ...

1950ರ ದಶಕದಲ್ಲಿ ತೈಲಶೋಧಕ್ಕೆ ತೊಡಗಿದ ಲಿಬಿಯಾಕ್ಕೆ ದಕ್ಷಿಣದ ಮರುಭೂಮಿಯಲ್ಲಿ ನೀರೂ ದೊರೆಯಿತು. ಕರಾವಳಿಯ ಬಾವಿಗಳಿಗೆ ಸಮುದ್ರದ ಉಪ್ಪು ನುಗ್ಗತೊಡಗಿದಾಗ, 1984ರಲ್ಲಿ ಮುಅಮ್ಮರ್ ಗಡಾಫಿ ‘ಮಹಾ ಮಾನವನಿರ್ಮಿತ ನದಿ’ ಯೋಜನೆಯ ನಿರ್ಮಾಣಕ್ಕೆ ಚಾಲನೆ ನೀಡಿದರು. 4 ಮೀಟರ್ ವ್ಯಾಸದ ಕಾಂಕ್ರೀಟ್ ಕೊಳವೆಗಳಲ್ಲಿ ನ್ಯೂಬಿಯನ್ ಜಲಸ್ತರದ ನೀರು 1991ರಲ್ಲಿ ಬೆಂಘಾಜಿಯನ್ನು ತಲುಪಿತು. ಟ್ರಿಪೋಲಿಗೆ 1996ರಲ್ಲಿ ಬಂದದ್ದು ಪಶ್ಚಿಮದ ಜಬಲ್ ಹಸೌನಾ ಬಾವಿಗಳ ನೀರು. ಅದು ಬೇರೊಂದು ಜಲಸ್ತರದ್ದಾದರೂ ಅಷ್ಟೇ ಪ್ರಾಚೀನವಾದುದು.

ಒಪ್ಪಂದವುಂಟು, ಪಾಲಿಲ್ಲ

ನ್ಯೂಬಿಯನ್ ಜಲಸ್ತರಕ್ಕಾಗಿ ಈಜಿಪ್ಟ್ ಮತ್ತು ಲಿಬಿಯಾ 1992ರಲ್ಲಿ ಜಂಟಿ ಪ್ರಾಧಿಕಾರವನ್ನು ರಚಿಸಿದವು. ಸುಡಾನ್ ಮತ್ತು ಚಾಡ್ ನಂತರ ಸೇರಿಕೊಂಡವು. 2000ದಲ್ಲಿ ಮಾಹಿತಿ ಹಂಚಿಕೆಗೆ ಸಮ್ಮತಿಯಾಯಿತು. 2013ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ನೆರವಿನಿಂದ ಸಿದ್ಧವಾದ ಕಾರ್ಯಯೋಜನೆಗೆ ನಾಲ್ಕೂ ದೇಶಗಳು ಸಹಿ ಹಾಕಿದವು. ಆದರೆ ಯಾವ ದೇಶ ವರ್ಷಕ್ಕೆ ಎಷ್ಟು ಎತ್ತಬಹುದೆಂಬ ಪಾಲು ಮಾತ್ರ ನಿಗದಿಯಾಗಿಲ್ಲ. ಇದರ ಫಲ ಸರಳ: ಕೊರೆಯಲು ಹಣ, ಎತ್ತಲು ವಿದ್ಯುತ್ ಇದ್ದವರಿಗೆ ಮೊದಲ ಗುಟುಕು. ತೈಲದ ಆದಾಯವುಳ್ಳ ಲಿಬಿಯಾ, ಪಶ್ಚಿಮ ಮರುಭೂಮಿಯಲ್ಲಿ ಕೃಷಿ ವಿಸ್ತರಿಸುತ್ತಿರುವ ಈಜಿಪ್ಟ್ ಮುಂದಿವೆ. ಬಡ ಚಾಡ್ ಹಾಗೂ 2023ರಿಂದ ಅಂತರ್ಯುದ್ಧದಲ್ಲಿ ಬೆಂದ ಸುಡಾನ್ ಹಿಂದುಳಿದಿವೆ.

ಆಯುಧವಾದ ನೀರು

ಲಿಬಿಯಾದ ಜನರಿಗೆ ಇದುವರೆಗೆ ಪೆಟ್ಟು ಬಿದ್ದದ್ದು ನೆರೆಹೊರೆಯಿಂದಲ್ಲ. 2011ರ ಜುಲೈಯಲ್ಲಿ ಬ್ರೆಗಾದ ಕೊಳವೆ ಕಾರ್ಖಾನೆಯ ಮೇಲೆ ನ್ಯಾಟೊ ದಾಳಿ ನಡೆಸಿತು; ಅಲ್ಲಿಂದ ರಾಕೆಟ್ ಹಾರಿಸಲಾಗುತ್ತಿತ್ತೆಂಬುದು ಅದರ ಸಮರ್ಥನೆ. ಗಡಾಫಿ ಪತನದ ನಂತರ ನಿಯಂತ್ರಣ ಛಿದ್ರವಾಯಿತು. 2020ರ ಏಪ್ರಿಲ್‌ನಲ್ಲಿ, ಕೊರೋನಾ ಭೀತಿಯಿಂದ ಕೈ ತೊಳೆಯಿರೆಂದು ಜಗತ್ತೆಲ್ಲ ಸಾರುತ್ತಿದ್ದಾಗಲೇ, ಸಶಸ್ತ್ರ ಗುಂಪೊಂದು ಶ್ವೈರಿಫ್ ಬಳಿಯ ನಿಯಂತ್ರಣ ಕೇಂದ್ರಕ್ಕೆ ನುಗ್ಗಿ ಟ್ರಿಪೋಲಿ ಭಾಗದ ನೀರು ನಿಲ್ಲಿಸಿತು. 20 ಲಕ್ಷಕ್ಕೂ ಹೆಚ್ಚು ಜನರಿಗೆ ಬಿಸಿ ತಟ್ಟಿತು. ನೂರಾರು ಕಿ.ಮೀ. ದೂರದ ಒಂದೇ ಮೂಲವನ್ನು ನೆಚ್ಚಿದ ನಗರದ ಕೊರಳು ಎಷ್ಟು ಸುಲಭವಾಗಿ ಅನ್ಯರ ಕೈಗೆ ಸಿಗುತ್ತದೆಂಬುದು ಅಂದು ಸಾಬೀತಾಯಿತು.

ಹೀಗಾಗಿ ಜಲಸ್ತರದಲ್ಲಿ ಇನ್ನೆಷ್ಟು ನೀರಿದೆ ಎಂಬ ಲೆಕ್ಕವೊಂದೇ ಸಾಲದು. ಬೀಳುತ್ತಿರುವ ಮಟ್ಟಕ್ಕೆ ತಕ್ಕಂತೆ ಪ್ರತಿ ದೇಶದ ಮಿತಿ ಗೊತ್ತಾಗಬೇಕು, ಕುಡಿಯುವ ನೀರಿಗೆ ಕೃಷಿಗಿಂತ ಮೊದಲ ಹಕ್ಕು ಸಿಗಬೇಕು, ಬಾವಿ ಮತ್ತು ಕೊಳವೆಗಳನ್ನು ಕದನದಿಂದ ದೂರವಿಡಬೇಕು. ಮರಳಿ ತುಂಬದ ಕಣಜದಲ್ಲಿ ಹಂಚಿಕೆ ಮುಂದೂಡಿದಷ್ಟೂ ಹಂಚಿಕೊಳ್ಳಲು ಉಳಿಯುವುದು ಕಡಿಮೆ.