ಹುಡುಗಿಯರ ಕೈಗೆಲಸವೂ ವಿಮಾನದ ರೆಕ್ಕೆಯೂ

ಕೈಗೆಲಸವೆಂದರೆ ಹೊಲಿಗೆ, ಹೆಣಿಗೆ, ಕಸೂತಿಗಳೇ ಎಂದು ನಮ್ಮ ಹೆಣ್ಣುಮಕ್ಕಳ ಶಾಲೆಗಳಲ್ಲಿ ಬಹುಕಾಲದಿಂದ ಎಣಿಸುತ್ತ ಬಂದಿದ್ದೇವೆ. ಅವುಗಳನ್ನು ಹೀನೈಸುವುದು ನಮ್ಮ ಉದ್ದೇಶವಲ್ಲ. ನೇರವಾಗಿ ಹೊಲಿಗೆ ಹಾಕಬಲ್ಲ ಕೈಗೆ ತಾಳ್ಮೆಯೂ ಅಚ್ಚುಕಟ್ಟೂ ತಾವಾಗಿಯೇ ಬರುತ್ತವೆ. ಆದರೆ ಅದೇ ಕೈಗೆ ವಿದ್ಯುತ್ತಿನ ತಂತಿಯನ್ನು ಕೊಡಲು ನಾವು ಏಕೆ ಹಿಂಜರಿಯಬೇಕು? ಈ ಪ್ರಶ್ನೆಯನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಮುಂದಿಡಲು ಅಪೇಕ್ಷಿಸುತ್ತೇವೆ.

ಇದಕ್ಕೆ ಕಾರಣವಾದ ಸಂಗತಿಯನ್ನು ಮುಚ್ಚಿಡದೆ ಹೇಳುವೆವು. ಒಂಬತ್ತನೆಯ ತರಗತಿಯ ಹುಡುಗಿಯರು ರೇಡಿಯೋ ಮೂಲಕ ನಡೆಸುವ ಮಾದರಿ ವಿಮಾನವೊಂದನ್ನು ಕಟ್ಟಿದರು. ಹಗುರವಾದ ಮರವನ್ನು ಕೊಯ್ದು ಅಂಟಿಸಿದವರೂ ಬಣ್ಣ ಬಳಿದವರೂ ಅವರೇ. ತಂತಿಯ ಜೋಡಣೆ ಮಾತ್ರ ಅವರಿಗೆ ಕಷ್ಟವೆಂದೆಣಿಸಿ ನಾವು ಹೊರಗಿನವರಿಂದ ಮಾಡಿಸಿದೆವು. ವಿಮಾನವು ಚೆನ್ನಾಗಿಯೇ ಮೇಲೇರಿತು. ಇಳಿಯುವ ಹೊತ್ತಿನಲ್ಲಿ ವೇಗವನ್ನು ತಗ್ಗಿಸಲು ರೆಕ್ಕೆಗಳ ಹಿಂಬದಿಯ ಫ್ಲ್ಯಾಪುಗಳನ್ನು ಇಳಿಸಹೋದಾಗ, ಎಡಗಡೆಯದು ಕೆಳಗಿಳಿಯಿತು, ಬಲಗಡೆಯದು ಮೇಲಕ್ಕೆದ್ದಿತು. ವಿಮಾನವು ಬಲಕ್ಕೆ ಹೊರಳಿ ನೆಲಕ್ಕೆ ಬಿತ್ತು. ಹಲವು ವಾರಗಳ ದುಡಿಮೆ ಮುರಿದುಹೋಯಿತು. ಅದಕ್ಕಿಂತ ಹೆಚ್ಚಾಗಿ ನಮ್ಮನ್ನು ನೋಯಿಸಿದ ವಿಷಯವೇನೆಂದರೆ, ಅದು ಏಕೆ ಬಿತ್ತೆಂದು ಕೇಳಿದಾಗ ಕಟ್ಟಿದವರಲ್ಲಿ ಒಬ್ಬಳಿಗೂ ಉತ್ತರ ತಿಳಿದಿರಲಿಲ್ಲ. ತಪ್ಪು ನಮ್ಮದೇ.

ಮರುದಿನ ಹುಡುಗಿಯರು ರೆಕ್ಕೆಯನ್ನು ಬಿಚ್ಚಿ ತಾವೇ ಕಾರಣವನ್ನು ಹುಡುಕಿದರು. ಫ್ಲ್ಯಾಪನ್ನು ಎಳೆಯುವ ಪುಟ್ಟ ಯಂತ್ರಕ್ಕೆ ಸರ್ವೋ ಎಂದು ಹೆಸರು. ಅದಕ್ಕೆ ಮೂರು ತಂತಿಗಳುಂಟು. ಎರಡು ವಿದ್ಯುತ್ತಿಗಾಗಿ, ಮೂರನೆಯದು ಅಪ್ಪಣೆಯನ್ನು ತರುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 50 ಸಾರಿ ಬರುವ ವಿದ್ಯುತ್ತಿನ ಮಿಡಿತವೇ ಆ ಅಪ್ಪಣೆ. ಮಿಡಿತವು ಸುಮಾರು 1 ಮಿಲಿಸೆಕೆಂಡು ಇದ್ದರೆ ಸರ್ವೋವಿನ ತೋಳು ಒಂದು ಕೊನೆಗೂ, 2 ಮಿಲಿಸೆಕೆಂಡು ಇದ್ದರೆ ಇನ್ನೊಂದು ಕೊನೆಗೂ, 1.5 ಇದ್ದರೆ ನಡುವಿಗೂ ತಿರುಗುತ್ತದೆ. ನಮ್ಮ ವಿಮಾನದಲ್ಲಿ ಎರಡು ಸರ್ವೋಗಳನ್ನೂ ಒಂದೇ ಕವಲು ತಂತಿಯಿಂದ ರಿಸೀವರಿಗೆ ಸೇರಿಸಿದ್ದರು. ಹೀಗೆ ಎರಡಕ್ಕೂ ಒಂದೇ ಅಪ್ಪಣೆ ಹೋಗಿ ಎರಡೂ ಒಂದೇ ಕಡೆಗೆ ತಿರುಗಿದವು. ಆದರೆ ಅವುಗಳನ್ನು ಕನ್ನಡಿಯ ಪ್ರತಿಬಿಂಬದಂತೆ ಎದುರುಬದುರಾಗಿ ಕೂರಿಸಿದ್ದುದರಿಂದ, ಒಂದರ ತೋಳು ಮುಂದಕ್ಕೂ ಇನ್ನೊಂದರದು ಹಿಂದಕ್ಕೂ ಸರಿಯಿತು. ವಿಮಾನವನ್ನು ಪಕ್ಕಕ್ಕೆ ವಾಲಿಸುವ ಐಲೆರಾನುಗಳಿಗೆ ಈ ಜೋಡಣೆ ಸರಿ. ಯಾಕಂದರೆ ಅವುಗಳಲ್ಲಿ ಒಂದು ಏರಿದಾಗ ಇನ್ನೊಂದು ಇಳಿಯಬೇಕು. ಫ್ಲ್ಯಾಪುಗಳಾದರೋ ಜೊತೆಯಾಗಿಯೇ ಇಳಿಯಬೇಕು.

ಕೆಂಪು, ಕಪ್ಪು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕೆಂದು ಒಬ್ಬಳು ಸೂಚಿಸಿದಳು. ಬ್ಯಾಟರಿಯಿಂದ ನಡೆಯುವ ಆಟಿಕೆಯ ಸಾದಾ ಮೋಟಾರಿಗೆ ಅದು ಸಲ್ಲುತ್ತದೆ. ಸರ್ವೋವಿಗೆ ಹಾಗೆ ಮಾಡಿದರೆ ಒಳಗಿನ ಸರ್ಕ್ಯೂಟು ಸುಟ್ಟೀತು. ಎರಡನ್ನೂ ಒಂದೇ ಮುಖವಾಗಿ ಕೂರಿಸುವುದು ಒಂದು ದಾರಿ. ಪ್ರತಿಯೊಂದಕ್ಕೂ ರಿಸೀವರಿನಲ್ಲಿ ಬೇರೆ ಚಾನೆಲು ಕೊಟ್ಟು, ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರಿನಲ್ಲಿ ಒಂದರ ದಿಕ್ಕನ್ನು ಬದಲಿಸುವುದು ಇನ್ನೊಂದು. ಎರಡು ಫ್ಲ್ಯಾಪುಗಳ ಇಳಿತವನ್ನೂ ಬೇರೆಬೇರೆಯಾಗಿ ಸರಿಪಡಿಸಬಹುದೆಂದು ಹುಡುಗಿಯರು ಎರಡನೆಯದನ್ನೇ ಆರಿಸಿಕೊಂಡರು. ಪ್ರೊಪೆಲ್ಲರನ್ನು ಕಳಚಿಟ್ಟು, ಫ್ಲ್ಯಾಪಿಗೆ ಕಡ್ಡಿಯನ್ನು ಸಿಕ್ಕಿಸುವ ಮೊದಲೇ ಸರ್ವೋ ಯಾವ ಕಡೆಗೆ ತಿರುಗುವುದೆಂದು ನೋಡಿದರು. ನೆಲದ ಮೇಲೆ ಒಂದು ನಿಮಿಷ ಪರೀಕ್ಷಿಸಿದ್ದರೆ ಮೊದಲ ವಿಮಾನವು ಬೀಳುತ್ತಿರಲಿಲ್ಲವೆಂದು ಅವರಿಗೆ ಆಗ ತಿಳಿಯಿತು. ಇಂಥ ತಿಳಿವಳಿಕೆ ನಮ್ಮ ಉಪದೇಶದಿಂದ ಬರತಕ್ಕದ್ದಲ್ಲ.

ಇದರಿಂದ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಇಂಗ್ಲೆಂಡಿನಲ್ಲಿ 1909ರಲ್ಲಿ ಹುಟ್ಟಿದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬಾಕೆಯು ಶಾಲೆ ಬಿಟ್ಟ ಮೇಲೆ ಮಾರ್ಗರೆಟ್ ಪಾರ್ಟ್ರಿಜ್ ಎಂಬ ಮಹಿಳೆಯ ವಿದ್ಯುತ್ ಸಂಸ್ಥೆಯಲ್ಲಿ ತಂತಿ ಎಳೆಯುವ ಕೆಲಸವನ್ನು ಮೂರು ವರ್ಷ ಮಾಡಿದಳು. ಒಡತಿಯ ಪ್ರೋತ್ಸಾಹದಿಂದ ಮ್ಯಾಂಚೆಸ್ಟರಿನಲ್ಲಿ ಓದಿ 1932ರಲ್ಲಿ ಪದವೀಧರೆಯಾದಳು. ಮುಂದೆ ಯುದ್ಧಕಾಲದಲ್ಲಿ, ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳು ಥಟ್ಟನೆ ಮೂತಿಯನ್ನು ಕೆಳಗೆ ಮಾಡಿದಾಗ ಅವುಗಳ ಎಂಜಿನುಗಳು ಕುಂಟುತ್ತಿದ್ದವು. ಇಂಧನದ ಹರಿವನ್ನು ಮಿತಗೊಳಿಸುವ, ತೂತುಳ್ಳ ಒಂದು ಸಣ್ಣ ಲೋಹದ ತುಂಡಿನಿಂದ 1941ರಲ್ಲಿ ಆ ದೋಷವನ್ನು ತಗ್ಗಿಸಿದವಳು ಇವಳೇ. ಯುದ್ಧವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಹುಡುಗಿಯೊಬ್ಬಳ ಕೈಗೆ ತಂತಿಯನ್ನು ಕೊಟ್ಟವರೊಬ್ಬರಿದ್ದರು ಎಂಬುದನ್ನು ಮಾತ್ರ ನೆನಪಿಸುತ್ತೇವೆ.

ಅಪಾಯವಿಲ್ಲವೆಂದು ನಾವು ಹೇಳಲಾರೆವು. ಬೆಸುಗೆಯ ಕಡ್ಡಿ ಸುಡುತ್ತದೆ. ಲಿಥಿಯಂ ಬ್ಯಾಟರಿಯನ್ನು ಅಜಾಗರೂಕತೆಯಿಂದ ಬಳಸಿದರೆ ಬೆಂಕಿ ಹತ್ತೀತು. ಆದರೆ ಒಲೆಯೂ ಸುಡುತ್ತದೆ. ಆ ಭಯದಿಂದ ಹೆಣ್ಣುಮಕ್ಕಳನ್ನು ಅಡಿಗೆಮನೆಯಿಂದ ದೂರವಿಟ್ಟ ತಾಯಿಯನ್ನು ನಾವು ಕಂಡಿಲ್ಲ. ಖರ್ಚಿನ ಮಾತಾದರೆ, ಒಂದೇ ಮಾದರಿ ಇಡೀ ತರಗತಿಗೆ ಸಾಕು.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ಅರಿಕೆ ಇಷ್ಟೆ: ಮಗಳು ಸ್ಕ್ರೂಡ್ರೈವರನ್ನು ಹಿಡಿದಾಗ ಅದನ್ನು ಕಸಿದು ಅವಳ ಅಣ್ಣನ ಕೈಗೆ ಕೊಡಬೇಡಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಈ ಕೆಲಸವನ್ನು ಬಲ್ಲವರು ತಿಂಗಳಿಗೊಂದು ಶನಿವಾರ ಬಂದು ನಮ್ಮ ಹುಡುಗಿಯರ ಪಕ್ಕದಲ್ಲಿ ಕುಳಿತರೆ ನಾವು ಕೃತಜ್ಞರಾಗಿರುವೆವು. ಮುರಿದ ರೆಕ್ಕೆಯನ್ನು ನಾವು ಎಸೆದಿಲ್ಲ. ಹೊಲಿಗೆಯ ಕೋಣೆಯ ಗೋಡೆಗೆ ಅದನ್ನು ತೂಗುಹಾಕಿದ್ದೇವೆ. ಹೊಸ ವಿಮಾನದ ತಂತಿಗಳನ್ನು ಹುಡುಗಿಯರೇ ಜೋಡಿಸುತ್ತಿದ್ದಾರೆ.